ಅಂಕಿಯ ಜೊತೆ ಅದರ ವಿಳಾಸವೂ ಇರಲಿ

ವೈದ್ಯಕೀಯ ಸಂಶೋಧನೆಯ ಸಿಸ್ಟಮ್ಯಾಟಿಕ್ ರಿವ್ಯೂಗಳಲ್ಲಿ (ಒಂದು ಪ್ರಶ್ನೆಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟಿಗೆ ನೋಡುವ ವರದಿಗಳಲ್ಲಿ) ದತ್ತಾಂಶವನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಹಂಚಿಕೊಳ್ಳಬೇಕು ಎಂದು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಉತ್ತರ. ಪ್ರಶ್ನೆ ಕೇಳಿದವರಲ್ಲಿ ಎಂಡಿ, ಎಂಪಿಎಚ್, ನರ್ಸಿಂಗ್ ವಿದ್ಯಾರ್ಥಿಗಳೇ ಹೆಚ್ಚು. ಮೊದಲನೆಯದು ಮಾತ್ರ ವೈದ್ಯಕೀಯದ ಹೊರಗಿನವರದು. ಉಳಿದ ಎಲ್ಲ ಪ್ರಶ್ನೆಗಳ ಬುಡವೂ ಅದರಲ್ಲೇ ಇರುವುದರಿಂದ ಅದನ್ನೇ ಮೊದಲಿಗೆ ಇಟ್ಟಿದ್ದೇವೆ.

ಪ್ರಶ್ನೆ: ಕೋವಿಡ್ ಸಮಯದಲ್ಲಿ ಐವರ್‌ಮೆಕ್ಟಿನ್ ಮಾತ್ರೆಯಿಂದ ಸಾವು ಕಡಿಮೆಯಾಗುತ್ತದೆ ಎಂದು ಒಂದು ರಿವ್ಯೂ ಹೇಳಿತು, ಪುರಾವೆ ಸಾಲದು ಎಂದು ಇನ್ನೊಂದು ಹೇಳಿತು. ಇಬ್ಬರೂ ಲಭ್ಯವಿದ್ದ ಅಧ್ಯಯನಗಳನ್ನೇ ಕೂಡಿಸಿದ್ದಲ್ಲವೇ? ಉತ್ತರ ಎರಡು ಹೇಗಾಯಿತು? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ರಿವ್ಯೂ ಮಾಡುವವರು ರೋಗಿಗಳನ್ನು ನೋಡಿರುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ರೋಗಿಗಳ ದಾಖಲೆಯನ್ನೂ ನೋಡಿರುವುದಿಲ್ಲ. ಔಷಧ ಪಡೆದವರು ಇಷ್ಟು, ಅವರಲ್ಲಿ ತೀರಿಕೊಂಡವರು ಇಷ್ಟು ಎಂದು ವರದಿಯಲ್ಲಿ ಅಚ್ಚಾದ ಒಟ್ಟು ಲೆಕ್ಕವನ್ನು ಎತ್ತಿಕೊಂಡು ಕೂಡಿಸುತ್ತಾರೆ. ಯಾವ ವರದಿಯನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ವ್ಯತ್ಯಾಸವಿರುತ್ತದೆ. ಅಚ್ಚಾದ ಅಂಕಿಯೇ ಸುಳ್ಳಾಗಿದ್ದರೆ ಕೂಡಿಸುವ ಕ್ರಮ ಎಷ್ಟು ಶುದ್ಧವಾಗಿದ್ದರೂ ಉತ್ತರ ಕೆಡುತ್ತದೆ.

ಐವರ್‌ಮೆಕ್ಟಿನ್ ವಿಷಯದಲ್ಲಿ ಆದದ್ದು ಅದೇ. ಈಜಿಪ್ಟಿನ ಒಂದು ಟ್ರಯಲ್‌ನ (ರೋಗಿಗಳನ್ನು ಗುಂಪುಗಳಾಗಿ ಹಂಚಿ ಔಷಧವನ್ನು ಪರೀಕ್ಷಿಸುವ ಅಧ್ಯಯನ) ವರದಿ 2020ರ ನವೆಂಬರ್‌ನಲ್ಲಿ, ತಜ್ಞರ ಪರಿಶೀಲನೆಗೆ ಮೊದಲೇ, ರಿಸರ್ಚ್ ಸ್ಕ್ವೇರ್ ಎಂಬ ಪ್ರಿಪ್ರಿಂಟ್ ತಾಣದಲ್ಲಿ ಬಂತು. ಔಷಧದಿಂದ ಸಾವು ಬಹಳ ಕಡಿಮೆಯಾಯಿತು ಎಂದು ಅದರಲ್ಲಿತ್ತು. ಹಲವು ಮೆಟಾ ಅನಾಲಿಸಿಸ್‌ಗಳು (ಬೇರೆ ಬೇರೆ ಅಧ್ಯಯನಗಳ ಅಂಕಿಗಳನ್ನು ಕೂಡಿಸಿ ಒಂದೇ ಉತ್ತರ ತೆಗೆಯುವ ಲೆಕ್ಕಗಳು) ಅದನ್ನು ಸೇರಿಸಿಕೊಂಡವು. ಮುಂದೆ ಲಂಡನ್ನಿನ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಆ ಟ್ರಯಲ್‌ನ ಮೂಲ ಫೈಲನ್ನು ತೆರೆದು ನೋಡಿದಾಗ, ಅಧ್ಯಯನ ಶುರುವಾಗುವ ಮೊದಲೇ ತೀರಿಕೊಂಡ ರೋಗಿಗಳೂ ಲೆಕ್ಕದಲ್ಲಿದ್ದರು. ಕೆಲವು ರೋಗಿಗಳ ಸಾಲುಗಳು ನಕಲು ಮಾಡಿ ಅಂಟಿಸಿದಂತೆ ಮರುಕಳಿಸಿದ್ದವು. 2021ರ ಜುಲೈಯಲ್ಲಿ ಆ ವರದಿಯನ್ನು ತಾಣದಿಂದ ಹಿಂತೆಗೆದರು. ಅದನ್ನು ಬಿಟ್ಟು ಲೆಕ್ಕ ಹಾಕಿದಾಗ, ಅದನ್ನು ನೆಚ್ಚಿಕೊಂಡಿದ್ದ ರಿವ್ಯೂಗಳ ಫಲಿತಾಂಶ ದುರ್ಬಲವಾಯಿತು.

ಗಮನಿಸಬೇಕಾದ ಸಂಗತಿ ಇದು: ತಪ್ಪು ಸಿಕ್ಕಿದ್ದು ವರದಿಯ ಒಟ್ಟು ಲೆಕ್ಕದಲ್ಲಿ ಅಲ್ಲ, ಅದರ ಹಿಂದಿನ ಫೈಲಿನಲ್ಲಿ. ಆ ಫೈಲು ಯಾರ ಕೈಗೂ ಸಿಗದಂತಿದ್ದಿದ್ದರೆ ಆ ಅಂಕಿಗಳು ಇನ್ನೂ ಎಷ್ಟು ಕಾಲ ಓಡಾಡುತ್ತಿದ್ದವೋ. ಆದ್ದರಿಂದ ಯಾವುದೇ ರಿವ್ಯೂ ಓದುವಾಗ, ಅಂಕಿಗಳು ಎಲ್ಲಿಂದ ಬಂದವು ಎಂದು ಬರೆದಿದ್ದಾರೆಯೇ, ತಾವು ಕಲೆಹಾಕಿದ ಪಟ್ಟಿಯನ್ನು ಬಹಿರಂಗವಾಗಿ ಇಟ್ಟಿದ್ದಾರೆಯೇ ಎಂದು ನೋಡಿ. ವೈದ್ಯರಲ್ಲದವರೂ ಮಾಡಬಹುದಾದ ಪರೀಕ್ಷೆ ಇದು.

ಪ್ರಶ್ನೆ: ರಿವ್ಯೂಗೆ 22 ಟ್ರಯಲ್ ಆಯ್ಕೆಯಾಗಿವೆ. ಡೇಟಾ ಎಕ್ಸ್‌ಟ್ರಾಕ್ಷನ್ ಫಾರ್ಮ್‌ನಲ್ಲಿ ಯಾವ ಯಾವ ಕಾಲಂ ಇರಬೇಕು? ಗೈಡ್ ಕೊಟ್ಟ ಫಾರ್ಮ್‌ನಲ್ಲಿ ಲೇಖಕ, ವರ್ಷ, ದೇಶ, ಸ್ಯಾಂಪಲ್, ಫಲಿತಾಂಶ ಎಂಬ ಐದೇ ಇವೆ. (ಎಂಡಿ ವಿದ್ಯಾರ್ಥಿನಿ, ಹುಬ್ಬಳ್ಳಿ)

ಟ್ರಯಲ್ ವರದಿಗಳಿಂದ ಅಂಕಿ, ವಿವರಗಳನ್ನು ಎತ್ತಿ ತುಂಬುವ ಈ ಫಾರ್ಮ್‌ಗೆ ಐದು ಕಾಲಂ ಖಂಡಿತ ಸಾಲದು. ಯಾಕೆ ಎಂದು ನಿಮ್ಮ ಪಕ್ಕದ ಜಿಲ್ಲೆಯ ಟ್ರಯಲ್ ಒಂದನ್ನೇ ಇಟ್ಟುಕೊಂಡು ನೋಡೋಣ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಬಾಯಿಯ ಮೂಲಕ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಕೊಟ್ಟು ನೋಡಿದ ಬೆಳಗಾವಿ ಜಿಲ್ಲೆಯ ಟ್ರಯಲ್ 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1,620 ಮಹಿಳೆಯರು, 812 ಮಂದಿಗೆ ಮಿಸೊಪ್ರೊಸ್ಟಾಲ್, 808 ಮಂದಿಗೆ ಪ್ಲಸೀಬೊ (ಔಷಧವಿಲ್ಲದ ಹುಸಿ ಮಾತ್ರೆ). ರಕ್ತಸ್ರಾವ (500 ಮಿ.ಲೀ. ಅಥವಾ ಹೆಚ್ಚು) ಶೇ 12.0ರಿಂದ ಶೇ 6.4ಕ್ಕೆ ಇಳಿಯಿತು.

ನಿಮ್ಮ ಐದು ಕಾಲಂಗಳಲ್ಲಿ ಇದನ್ನು ತುಂಬಿದರೆ 'ಫಲಿತಾಂಶ' ಎಂಬಲ್ಲಿ 'ಶೇ 6.4 / ಶೇ 12.0' ಎಂದಾಗುತ್ತದೆ. ಮೆಟಾ ಅನಾಲಿಸಿಸ್‌ಗೆ ಅದು ಉಪಯೋಗವಿಲ್ಲ. ಬೇಕಾದದ್ದು ಪ್ರತಿ ಗುಂಪಿನಲ್ಲಿ ಎಷ್ಟು ಮಂದಿಗೆ ಆಯಿತು, ಎಷ್ಟು ಮಂದಿಯಲ್ಲಿ ಎಂಬ ಎರಡು ಅಂಕಿ: 812ರಲ್ಲಿ 52, 808ರಲ್ಲಿ 97. ಇವನ್ನು ಭಾಗಿಸಿ ನೋಡಿ: 0.0640 ಮತ್ತು 0.1200. ಅನುಪಾತ 0.53. ವರದಿಯಲ್ಲಿ ಅಚ್ಚಾದ ಸಾಪೇಕ್ಷ ಅಪಾಯವೂ (ಎರಡು ಗುಂಪುಗಳ ಅಪಾಯದ ಅನುಪಾತ) 0.53. ತಾಳೆಯಾಯಿತು. ಪ್ರತಿ ಟ್ರಯಲ್‌ಗೂ ಈ ತಾಳೆ ಕಡ್ಡಾಯ ಎಂದುಕೊಳ್ಳಿ; ಎರಡು ನಿಮಿಷದ ಕೆಲಸ, ಕಾಲಂ ಅದಲುಬದಲಾದದ್ದು ಇಲ್ಲೇ ಸಿಕ್ಕಿಬೀಳುತ್ತದೆ.

ಅದೇ ವರದಿಯ ಸಾರಾಂಶದಲ್ಲಿ 1,000 ಮಿ.ಲೀ. ಮೀರಿದ ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿಯಿತು ಎಂದು ಶೇಕಡಾವಾರು ಮಾತ್ರ ಇದೆ. ಪೂರ್ಣ ಪ್ರಬಂಧ ಕೈಯಲ್ಲಿಲ್ಲದಿದ್ದರೆ ಹಿಂದಕ್ಕೆ ಲೆಕ್ಕ ಹಾಕಬೇಕು. 808ರ ಶೇ 1.2 ಅಂದರೆ 9.7, ಹತ್ತಿರದ ಪೂರ್ಣಾಂಕ 10. 812ರ ಶೇ 0.2 ಅಂದರೆ 1.6, ಅಂದರೆ 2. ಇದು ಸರಿಯೇ ಎಂದು ತಿಳಿಯುವುದು ಹೇಗೆ? 2/812ನ್ನು 10/808ರಿಂದ ಭಾಗಿಸಿದರೆ 0.20 ಬರುತ್ತದೆ, ವರದಿಯೂ 0.20 ಎನ್ನುತ್ತದೆ. 1 ಎಂದುಕೊಂಡಿದ್ದರೆ 0.10 ಬರುತ್ತಿತ್ತು. ಇಂಥ ಅಂಕಿಯ ಪಕ್ಕದಲ್ಲಿ 'ಶೇಕಡಾವಾರಿನಿಂದ ಲೆಕ್ಕ ಹಾಕಿದ್ದು' ಎಂದು ಬರೆಯಲೇಬೇಕು. ಅಚ್ಚಾದ ಅಂಕಿಗೂ ನೀವು ಕಂಡುಕೊಂಡ ಅಂಕಿಗೂ ಒಂದೇ ಸ್ಥಾನಮಾನವಿಲ್ಲ.

ಇನ್ನು ಅಳತೆಯ ವಿಧಾನ. ಬೆಳಗಾವಿಯ ಈ ಟ್ರಯಲ್‌ನಲ್ಲಿ ರಕ್ತವನ್ನು ಅಳತೆ ಗುರುತುಗಳಿರುವ ಪ್ಲಾಸ್ಟಿಕ್ ಡ್ರೇಪ್‌ನಲ್ಲಿ (ತಾಯಿಯ ಅಡಿಗೆ ಹಾಸುವ ಹಾಳೆ) ಸಂಗ್ರಹಿಸಿ ನೋಡಿದರು. ಬೇರೆಡೆ ಕಣ್ಣಂದಾಜು. ಬೆಳಗಾವಿಯಲ್ಲೇ ಈ ಎರಡನ್ನೂ ಹೋಲಿಸಿದ ಅಧ್ಯಯನ 2006ರಲ್ಲಿ ಬಂತು. ಕಣ್ಣಂದಾಜು ಡ್ರೇಪ್‌ನ ಅಳತೆಗಿಂತ ಶೇ 33ರಷ್ಟು ಕಡಿಮೆ ತೋರಿಸಿತು. ಹಾಗಿದ್ದ ಮೇಲೆ ಒಂದು ಟ್ರಯಲ್‌ನ 500 ಮಿ.ಲೀ. ಮತ್ತೊಂದರ 500 ಮಿ.ಲೀ. ಒಂದೇ ಅಲ್ಲ. 'ಹೇಗೆ ಅಳೆದರು' ಎಂಬ ಕಾಲಂ ಇಲ್ಲದ ಫಾರ್ಮ್‌ನಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ಆಮೇಲೆ ಟ್ರಯಲ್‌ಗಳ ನಡುವಿನ ಫಲಿತಾಂಶ ಯಾಕೆ ಹೊಂದುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾ ಕೂರಬೇಕು.

ಹಾಗಾಗಿ ಫಾರ್ಮ್‌ನಲ್ಲಿ ಇವು ಇರಲಿ. ಟ್ರಯಲ್‌ಗೆ ಒಂದು ಗುರುತು ಸಂಖ್ಯೆ (ಪ್ರಬಂಧಕ್ಕಲ್ಲ, ಟ್ರಯಲ್‌ಗೆ), ಅದರಿಂದ ಹುಟ್ಟಿದ ಎಲ್ಲ ಪ್ರಬಂಧಗಳು, ನೋಂದಣಿ ಸಂಖ್ಯೆ, ಹಣ ಕೊಟ್ಟವರು, ರೋಗಿಗಳನ್ನು ಸೇರಿಸಿಕೊಂಡ ತಿಂಗಳು ಮತ್ತು ವರ್ಷ, ಊರು. ಗುಂಪು ಹಂಚಿದ ಬಗೆ: ವ್ಯಕ್ತಿವಾರೋ, ಹಳ್ಳಿವಾರೋ. ಔಷಧದ ಪ್ರಮಾಣ, ಕೊಟ್ಟ ಮಾರ್ಗ, ಹೊತ್ತು, ಕೊಟ್ಟವರು ಯಾರು. ಬೆಳಗಾವಿಯಲ್ಲಿ ಕೊಟ್ಟವರು ಎಎನ್‌ಎಂಗಳು (ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಆರೋಗ್ಯ ಸಹಾಯಕಿಯರು), ಬಳಕೆಯ ದೃಷ್ಟಿಯಿಂದ ಅದು ಮುಖ್ಯ ಮಾಹಿತಿ. ಫಲಿತಾಂಶದ ವ್ಯಾಖ್ಯೆ, ಅಳತೆಯ ವಿಧಾನ, ಏಕಮಾನ, ಸಮಯ. ಗುಂಪುವಾರು ಅಂಕಿಗಳು. ಕೊನೆಗೆ ಪ್ರತಿ ಅಂಕಿಗೂ ಅದರ ವಿಳಾಸ: ಯಾವ ಪ್ರಬಂಧ, ಯಾವ ಪುಟ, ಯಾವ ಕೋಷ್ಟಕ, ನೇರ ಅಚ್ಚಾದದ್ದೋ, ಲೆಕ್ಕ ಹಾಕಿದ್ದೋ, ಗ್ರಾಫಿನಿಂದ ಅಳೆದದ್ದೋ, ಲೇಖಕರು ಪತ್ರದಲ್ಲಿ ಕೊಟ್ಟದ್ದೋ. ಎಲ್ಲ ಕಾಲಂಗಳಲ್ಲಿ ಇದೇ ಮುಖ್ಯ, ಜನ ಬಿಡುವುದೂ ಇದನ್ನೇ.

ಎಕ್ಸೆಲ್ ಬಳಸುವವರಿಗೆ ಮೂರು ಎಚ್ಚರಿಕೆ. '2-10' ಎಂದು ಟೈಪ್ ಮಾಡಿದರೆ ಅದು ತಾರೀಖಾಗಿ ಬದಲಾಗುತ್ತದೆ. ಸಂಖ್ಯೆಗಳನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ, ವ್ಯಾಪ್ತಿ ಬರೆಯುವ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಹೊಂದಿಸಿ. ಖಾಲಿ ಕೋಶ ಬಿಡಬೇಡಿ: ಯಾರಿಗೂ ಆಗಲಿಲ್ಲ ಎಂದರೆ 0, ವರದಿಯಲ್ಲಿ ಹೇಳಿಲ್ಲ ಎಂದರೆ 'ಹೇಳಿಲ್ಲ', ಆ ಟ್ರಯಲ್‌ಗೆ ಅನ್ವಯಿಸದಿದ್ದರೆ 'ಅನ್ವಯಿಸದು'. ಬಣ್ಣ ಬಳಿದು ಅರ್ಥ ಸೂಚಿಸಬೇಡಿ, ಫೈಲನ್ನು ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಸರಳ ಫೈಲು) ಆಗಿ ಉಳಿಸಿದ ಕೂಡಲೇ ಬಣ್ಣ ಮಾಯ.

ಫಾರ್ಮ್ ಸಿದ್ಧವಾದ ಮೇಲೆ 22ಕ್ಕೂ ಒಮ್ಮೆಗೇ ಕೈಹಾಕದೆ, ಸ್ವಭಾವದಲ್ಲಿ ಬೇರೆ ಬೇರೆಯಾದ ಮೂರು ನಾಲ್ಕು ಟ್ರಯಲ್‌ಗಳ ಮೇಲೆ ಪ್ರಯೋಗಿಸಿ. ಒಂದು ದೊಡ್ಡದು, ಒಂದು ಮೂರು ಗುಂಪಿನದು, ಒಂದು ಕೆಟ್ಟದಾಗಿ ಬರೆದದ್ದು. ಫಾರ್ಮ್ ಬದಲಿಸಿದರೆ ಆವೃತ್ತಿ ಸಂಖ್ಯೆ ಹಾಕಿ, ಹಿಂದೆ ತುಂಬಿದವನ್ನೂ ಹೊಸ ಫಾರ್ಮ್‌ಗೆ ತನ್ನಿ.

ಪ್ರಶ್ನೆ: ಇಬ್ಬರು ಬೇರೆ ಬೇರೆಯಾಗಿ ಡೇಟಾ ತೆಗೆಯಬೇಕು ಎನ್ನುತ್ತಾರೆ. ನಮ್ಮಲ್ಲಿ ಜನವಿಲ್ಲ. ಒಬ್ಬರು ತೆಗೆದು ಇನ್ನೊಬ್ಬರು ನೋಡಿದರೆ ಸಾಕಲ್ಲವೇ? (ನರ್ಸಿಂಗ್ ಉಪನ್ಯಾಸಕಿ, ಮಂಗಳೂರು)

ಈ ಎರಡು ಕ್ರಮಗಳನ್ನು ಹೋಲಿಸಿ ನೋಡಿದ ಕೆನಡಾದ ಅಧ್ಯಯನವೊಂದು 2006ರಲ್ಲಿ ಬಂತು. ಒಬ್ಬರು ತೆಗೆದು ಇನ್ನೊಬ್ಬರು ಪರಿಶೀಲಿಸುವ ಕ್ರಮದಲ್ಲಿ ಸಮಯ ಸುಮಾರು ಮೂರನೇ ಒಂದು ಭಾಗ ಉಳಿಯಿತು, ತಪ್ಪುಗಳು ಶೇ 21.7ರಷ್ಟು ಹೆಚ್ಚಾದವು. ಕಾರಣ ಸರಳ: ತುಂಬಿದ ಅಂಕಿ ಕಣ್ಣೆದುರಿಗಿದ್ದರೆ ಪರಿಶೀಲಿಸುವವರು ಅದಕ್ಕೆ ಸಮರ್ಥನೆ ಹುಡುಕುತ್ತಾರೆ, ತಾವೇ ಹೊಸದಾಗಿ ಓದುವುದಿಲ್ಲ. ಅನುಭವಿಗಳ ಕೈಯಲ್ಲಿ ತಪ್ಪಾಗುವುದಿಲ್ಲ ಎಂದೂ ತಿಳಿಯಬೇಡಿ. ರಿವ್ಯೂಗಳಿಗೇ ಹೆಸರಾದ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್‌ನ 34 ರಿವ್ಯೂಗಳನ್ನು ಅಂಕಿಸಂಖ್ಯಾ ತಜ್ಞರು ಮರುಪರಿಶೀಲಿಸಿದಾಗ 20ರಲ್ಲಿ ದತ್ತಾಂಶದ ತಪ್ಪುಗಳು ಸಿಕ್ಕವು ಎಂದು 2005ರ ವರದಿ ಹೇಳುತ್ತದೆ. ತೀರ್ಮಾನಗಳು ತಲೆಕೆಳಗಾಗಲಿಲ್ಲ ಎಂಬುದಷ್ಟೇ ಸಮಾಧಾನ.

ಜನ ಕಡಿಮೆಯಿದ್ದರೆ ಕೆಲಸವನ್ನು ಹೀಗೆ ಒಡೆಯಿರಿ. ಊರು, ವಯಸ್ಸು, ಔಷಧದ ಪ್ರಮಾಣದಂಥ ವಿವರಗಳನ್ನು ಒಬ್ಬರು ತುಂಬಿ ಇನ್ನೊಬ್ಬರು ನೋಡಲಿ. ಮೆಟಾ ಅನಾಲಿಸಿಸ್‌ಗೆ ಹೋಗುವ ಫಲಿತಾಂಶದ ಅಂಕಿಗಳನ್ನು ಮತ್ತು ಪಕ್ಷಪಾತದ ಅಪಾಯದ (ಟ್ರಯಲ್ ನಡೆಸಿದ ಬಗೆಯಿಂದ ಫಲಿತಾಂಶ ಒಂದು ಕಡೆಗೆ ವಾಲಿರುವ ಸಾಧ್ಯತೆಯ) ತೀರ್ಪನ್ನು ಮಾತ್ರ ಇಬ್ಬರೂ ಪರಸ್ಪರ ನೋಡದೆ ತುಂಬಲಿ. ಒಬ್ಬರಿಗೆ ಆ ರೋಗದ ತಿಳಿವಳಿಕೆ, ಇನ್ನೊಬ್ಬರಿಗೆ ಅಂಕಿಸಂಖ್ಯೆಯ ತಿಳಿವಳಿಕೆ ಇದ್ದರೆ ತುಂಬಾ ಒಳ್ಳೆಯದು. ಹೊಂದದ ಅಂಕಿಗಳನ್ನು ಮೂಲ ಪುಟ ತೆರೆದಿಟ್ಟುಕೊಂಡೇ ಬಗೆಹರಿಸಿ, ಸರಾಸರಿ ತೆಗೆದು ರಾಜಿಯಾಗಬೇಡಿ. ಬಗೆಹರಿಸಿದ ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಡಿ. ಇಬ್ಬರ ಮೂಲ ಹಾಳೆಗಳನ್ನೂ ಅಳಿಸಬೇಡಿ.

ಪ್ರಶ್ನೆ: ಕೆಲವು ಪ್ರಬಂಧಗಳು ಎಸ್‌ಡಿ ಕೊಡುತ್ತವೆ, ಕೆಲವು ಎಸ್‌ಇ, ಕೆಲವು ಬರೀ ± ಹಾಕಿ ಬಿಡುತ್ತವೆ. ಇವನ್ನು ಒಂದೇ ಕಾಲಂಗೆ ತರುವುದು ಹೇಗೆ? (ಫಾರ್ಮಕಾಲಜಿ ವಿದ್ಯಾರ್ಥಿ, ಕಲಬುರಗಿ)

ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್) ಎಂದರೆ ಒಬ್ಬೊಬ್ಬರ ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದು, ಎಸ್‌ಇ (ಸ್ಟ್ಯಾಂಡರ್ಡ್ ಎರರ್) ಎಂದರೆ ಆ ಸರಾಸರಿಯೇ ಎಷ್ಟು ಅನಿಶ್ಚಿತ ಎಂಬುದು. ಮೆಟಾ ಅನಾಲಿಸಿಸ್‌ಗಳನ್ನು ಹೆಚ್ಚು ಕೆಡಿಸುವ ತಪ್ಪುಗಳಲ್ಲಿ ಇವೆರಡನ್ನು ಅದಲುಬದಲು ಮಾಡುವುದೂ ಒಂದು. ಲೆಕ್ಕಕ್ಕೆಂದು ಒಂದು ಉದಾಹರಣೆ ಮಾಡಿಕೊಳ್ಳೋಣ: ಪ್ರತಿ ಗುಂಪಿನಲ್ಲಿ 40 ಮಂದಿ, ಹಿಮೋಗ್ಲೋಬಿನ್ ಸರಾಸರಿ 9.8 ± 0.2. ಈ 0.2 ಎಸ್‌ಇ ಆಗಿದ್ದರೆ ಎಸ್‌ಡಿ = 0.2 × √40 = 1.26. ಅದನ್ನೇ ಎಸ್‌ಡಿ ಎಂದು ತುಂಬಿದರೆ ಆ ಟ್ರಯಲ್‌ನ ವೇರಿಯನ್ಸ್ (ಎಸ್‌ಡಿಯ ವರ್ಗ) 40 ಪಟ್ಟು ಕುಗ್ಗುತ್ತದೆ, ಎಲ್ಲ ಟ್ರಯಲ್‌ಗಳ ನಿಜ ಪರಿಣಾಮ ಒಂದೇ ಎಂದುಕೊಳ್ಳುವ ಫಿಕ್ಸೆಡ್ ಎಫೆಕ್ಟ್ ಲೆಕ್ಕದಲ್ಲಿ ಅದರ ತೂಕ 40 ಪಟ್ಟು ಏರುತ್ತದೆ. ನಲವತ್ತು ಮಂದಿಯ ಗುಂಪು 1,600 ಮಂದಿಯಂತೆ ವರ್ತಿಸಿ ಉಳಿದ ಟ್ರಯಲ್‌ಗಳನ್ನೆಲ್ಲ ನುಂಗಿಬಿಡುತ್ತದೆ. ಪ್ರತಿ ಟ್ರಯಲ್‌ನ ಫಲಿತಾಂಶವನ್ನು ಚೌಕ ಮತ್ತು ಗೆರೆಯಾಗಿ ತೋರಿಸುವ ಫಾರೆಸ್ಟ್ ಪ್ಲಾಟ್ ಚಿತ್ರದಲ್ಲಿ ಒಂದು ಚಿಕ್ಕ ಟ್ರಯಲ್‌ಗೆ ದೊಡ್ಡ ಚೌಕ, ತೀರಾ ಗಿಡ್ಡ ಗೆರೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

± ಎಂದಷ್ಟೇ ಇದ್ದರೆ ವೈದ್ಯಕೀಯ ಬುದ್ಧಿ ಬಳಸಿ. ನಲವತ್ತು ಗರ್ಭಿಣಿಯರ ಹಿಮೋಗ್ಲೋಬಿನ್ 0.2 ಗ್ರಾಂ ಎಸ್‌ಡಿಯೊಳಗೆ ಇರುವುದು ಸಾಧ್ಯವೇ? ಹಾಗಿದ್ದರೆ ಬಹುತೇಕ ಎಲ್ಲರೂ 9.4ರಿಂದ 10.2ರ ಒಳಗೇ ಇದ್ದರು ಎಂದಾಗುತ್ತದೆ. ನಂಬುವಂಥದ್ದಲ್ಲ. ಪ್ರಬಂಧದಲ್ಲಿ ಕೊಟ್ಟ ಪಿ ಮೌಲ್ಯ ಯಾವುದಕ್ಕೆ ಹೊಂದುತ್ತದೆ ಎಂದೂ ಲೆಕ್ಕ ಹಾಕಿ ನೋಡಿ.

ಸರಾಸರಿಯ 95% ವಿಶ್ವಾಸ ವ್ಯಾಪ್ತಿ (ನಿಜವಾದ ಮೌಲ್ಯ ಇರಬಹುದಾದ ಮೇಲಿನ, ಕೆಳಗಿನ ಮಿತಿಗಳು) ಮಾತ್ರ ಇದ್ದರೆ, ಮೇಲಿನ ಮಿತಿಯಿಂದ ಕೆಳಗಿನದನ್ನು ಕಳೆದು, 3.92ರಿಂದ ಭಾಗಿಸಿ, √n ನಿಂದ (n ಎಂದರೆ ಗುಂಪಿನ ಜನರ ಸಂಖ್ಯೆ) ಗುಣಿಸಿ. ಎಸ್‌ಡಿ ಸಿಗುತ್ತದೆ. ಗುಂಪಿನಲ್ಲಿ 60ಕ್ಕಿಂತ ಕಡಿಮೆ ಜನರಿದ್ದರೆ 3.92ರ ಬದಲು ಟಿ ಕೋಷ್ಟಕದ ಮೌಲ್ಯದ ಎರಡರಷ್ಟನ್ನು ಬಳಸಬೇಕು. 40 ಮಂದಿಗೆ ಅದು 4.05. ಮೀಡಿಯನ್ (ನಡುವಿನ ಅಂಕಿ) ಮತ್ತು ಕ್ವಾರ್ಟೈಲ್‌ಗಳಿದ್ದರೆ (ಕಾಲುಭಾಗ, ಮುಕ್ಕಾಲುಭಾಗದ ಅಂಕಿಗಳು) ಮೇಲಿನ ಮತ್ತು ಕೆಳಗಿನ ಕ್ವಾರ್ಟೈಲ್‌ಗಳ ಅಂತರವನ್ನು 1.35ರಿಂದ ಭಾಗಿಸಬಹುದು, ಹಂಚಿಕೆ ಎರಡೂ ಕಡೆ ಸಮವಾಗಿದ್ದರೆ ಮಾತ್ರ. ಆಸ್ಪತ್ರೆಯಲ್ಲಿ ಕಳೆದ ದಿನಗಳಂಥ ಒಂದೇ ಕಡೆ ವಾಲುವ ಅಂಕಿಗಳಿಗೆ ಈ ಸೂತ್ರ ಹಾಕಬೇಡಿ.

ಅಂಕಿ ಗ್ರಾಫಿನಲ್ಲಿ ಮಾತ್ರ ಇದ್ದರೆ ವೆಬ್‌ಪ್ಲಾಟ್‌ಡಿಜಿಟೈಸರ್ ಎಂಬ ಉಚಿತ ಸಾಧನವಿದೆ. ಚಿತ್ರ ಹಾಕಿ, ಎರಡೂ ಅಕ್ಷಗಳ ಮೇಲೆ ಗೊತ್ತಿರುವ ಬಿಂದುಗಳನ್ನು ಗುರುತಿಸಿ, ಆಮೇಲೆ ಬೇಕಾದ ಬಿಂದು ಒತ್ತಬೇಕು. ಅಕ್ಷ ಸೊನ್ನೆಯಿಂದ ಶುರುವಾಗಿದೆಯೇ, ಲಾಗ್ ಅಳತೆಯೇ, ಕಂಬದ ಮೇಲಿನ ಮೀಸೆಗೆರೆ ಎಸ್‌ಡಿಯೋ ಎಸ್‌ಇಯೋ ಎಂದು ಚಿತ್ರದ ಅಡಿಬರಹದಲ್ಲಿ ಓದದೆ ಅಳೆಯಬೇಡಿ.

ಅಳತೆಪಟ್ಟಿಯ ದಿಕ್ಕೂ ಅಷ್ಟೇ ಮುಖ್ಯ. ಖಿನ್ನತೆಯ ಒಂದು ಪಟ್ಟಿಯಲ್ಲಿ ಅಂಕ ಹೆಚ್ಚಾದರೆ ರೋಗ ಹೆಚ್ಚು, ಜೀವನ ಗುಣಮಟ್ಟದ ಪಟ್ಟಿಯಲ್ಲಿ ಅಂಕ ಹೆಚ್ಚಾದರೆ ಆರೋಗ್ಯ ಹೆಚ್ಚು. ಚಿಹ್ನೆ ಬದಲಿಸದೆ ಸೇರಿಸಿದರೆ ಔಷಧದ ಗುಣವೇ ದೋಷವಾಗಿ ಕಾಣುತ್ತದೆ. ಬೇರೆ ಬೇರೆ ಅಳತೆಪಟ್ಟಿಗಳನ್ನು ಒಂದೇ ಏಕಮಾನಕ್ಕೆ ತರುವ ಸ್ಟ್ಯಾಂಡರ್ಡೈಸ್ಡ್ ಮೀನ್ ಡಿಫರೆನ್ಸ್ ಬಳಸಿದ 27 ಮೆಟಾ ಅನಾಲಿಸಿಸ್‌ಗಳಿಂದ ತಲಾ ಎರಡು ಟ್ರಯಲ್ ಆಯ್ದು ಮರುಲೆಕ್ಕ ಹಾಕಿದ ಡೆನ್ಮಾರ್ಕಿನ ತಂಡಕ್ಕೆ 10 ಮೆಟಾ ಅನಾಲಿಸಿಸ್‌ಗಳಲ್ಲಿ ತಲಾ ಕನಿಷ್ಠ ಒಂದು ಟ್ರಯಲ್‌ನ ಫಲಿತಾಂಶ ಹೊಂದಲಿಲ್ಲ ಎಂದು 2007ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು.

ಪ್ರಶ್ನೆ: ಒಂದೇ ಟ್ರಯಲ್‌ನ ಎರಡು ಪ್ರಬಂಧಗಳಿವೆ ಎಂದು ಗುರುತಿಸುವುದು ಹೇಗೆ? (ಎಂಪಿಎಚ್ ವಿದ್ಯಾರ್ಥಿ, ಮಣಿಪಾಲ)

ನೋಂದಣಿ ಸಂಖ್ಯೆ, ಊರು, ರೋಗಿಗಳನ್ನು ಸೇರಿಸಿಕೊಂಡ ಅವಧಿ, ಗುಂಪಿನ ಗಾತ್ರ, ಮೊದಲ ಕೋಷ್ಟಕದ ಸರಾಸರಿ ವಯಸ್ಸು. ಇವುಗಳಲ್ಲಿ ಮೂರು ಹೊಂದಿದರೆ ಸಂಶಯಪಡಿ, ಲೇಖಕರ ಹೆಸರು ಬೇರೆಯಿದ್ದರೂ ಸಹ. ವಾಂತಿ ತಡೆಯುವ ಆಂಡಾನ್‌ಸೆಟ್ರಾನ್ ಬಗ್ಗೆ 1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದ ಅಧ್ಯಯನ ಇದಕ್ಕೆ ಕಣ್ತೆರೆಸುವ ಉದಾಹರಣೆ. ಟ್ರಯಲ್‌ಗಳಲ್ಲಿ ಶೇ 17 ಎರಡು ಬಾರಿ ಪ್ರಕಟವಾಗಿದ್ದವು. ನಕಲುಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಔಷಧದ ಪರಿಣಾಮ ಶೇ 23ರಷ್ಟು ಹೆಚ್ಚಾಗಿ ಕಂಡಿತು.

ಆದರೆ ಎರಡನೇ ಪ್ರಬಂಧವೆಲ್ಲ ಮೋಸವಲ್ಲ. ಬೆಳಗಾವಿ ಮತ್ತು ನಾಗಪುರ ಕೇಂದ್ರಗಳೂ ಸೇರಿದ್ದ ಆರು ದೇಶಗಳ ಎಸಿಟಿ ಟ್ರಯಲ್‌ನ (ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವಿರುವ ಗರ್ಭಿಣಿಯರಿಗೆ ಸ್ಟೀರಾಯ್ಡ್ ಕೊಡುವ ಬಗ್ಗೆ ನಡೆದದ್ದು) ಮುಖ್ಯ ವರದಿ 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು, ಉಪವಿಶ್ಲೇಷಣೆಗಳು ಆಮೇಲೆ ಬೇರೆಡೆ ಬಂದವು. ಅಂಥವನ್ನು ಕಸದ ಬುಟ್ಟಿಗೆ ಹಾಕದೆ ಒಂದೇ ಗುರುತು ಸಂಖ್ಯೆಯಡಿ ಸೇರಿಸಿ. ಮುಖ್ಯ ವರದಿಯಲ್ಲಿಲ್ಲದ ವಿವರ ಅವುಗಳಲ್ಲೇ ಸಿಗುವುದುಂಟು.

ಪ್ರಶ್ನೆ: ಲೇಖಕರಿಗೆ ಮೇಲ್ ಬರೆದರೆ ಉತ್ತರವೇ ಬರುವುದಿಲ್ಲ. ಅಷ್ಟು ಕಷ್ಟಪಡುವ ಅಗತ್ಯವಿದೆಯೇ? ಪ್ರಕಟವಾದದ್ದನ್ನು ನಂಬಿ ಮುಂದುವರಿಯಬಾರದೇ? (ಕಿರಿಯ ಸಂಶೋಧಕ, ಬೆಂಗಳೂರು)

ಅಗತ್ಯವಿದೆ. ಟ್ಯಾಮಿಫ್ಲೂ ಪ್ರಕರಣ ಇದಕ್ಕೆ ಸಾಕ್ಷಿ. ಫ್ಲೂ ರೋಗದ ತೊಡಕುಗಳನ್ನು ಈ ಮಾತ್ರೆ ತಡೆಯುತ್ತದೆ ಎಂಬ ಕಾಕ್ರೇನ್ ರಿವ್ಯೂದ ಮಾತು ಬಹುಮಟ್ಟಿಗೆ 2003ರ ಒಂದು ಪ್ರಬಂಧದ ಮೇಲೆ ನಿಂತಿತ್ತು. ಅದು ತಯಾರಕರ ಹಣದಿಂದ ನಡೆದ 10 ಟ್ರಯಲ್‌ಗಳನ್ನು ಕೂಡಿಸಿತ್ತು, ಅವುಗಳಲ್ಲಿ ಪೂರ್ಣವಾಗಿ ಪ್ರಕಟವಾಗಿದ್ದವು ಎರಡೇ. ಉಳಿದ ಎಂಟರ ದತ್ತಾಂಶ ನೀವು ನೋಡಿದ್ದೀರಾ ಎಂದು ಜಪಾನಿನ ಮಕ್ಕಳ ವೈದ್ಯ ಕೇಜಿ ಹಯಾಶಿ 2009ರಲ್ಲಿ ಕೇಳಿದರು. ನೋಡಿರಲಿಲ್ಲ. ರಿವ್ಯೂ ಮಾಡಿದ್ದ ಟಾಮ್ ಜೆಫರ್ಸನ್ ನೇತೃತ್ವದ ಕಾಕ್ರೇನ್ ತಂಡ ಕಂಪನಿಗೆ, ನಿಯಂತ್ರಣ ಸಂಸ್ಥೆಗಳಿಗೆ ವರ್ಷಗಟ್ಟಲೆ ಪತ್ರ ಬರೆಯಿತು, ಬಿಎಂಜೆ ಜೊತೆಗೆ ನಿಂತಿತು. 2013ರಲ್ಲಿ ಪೂರ್ಣ ಕ್ಲಿನಿಕಲ್ ಸ್ಟಡಿ ರಿಪೋರ್ಟ್‌ಗಳು (ಟ್ರಯಲ್ ಬಗ್ಗೆ ಕಂಪನಿ ಸಿದ್ಧಪಡಿಸುವ ಸವಿಸ್ತಾರ ವರದಿಗಳು) ಕೈಗೆ ಬಂದವು. 2014ರ ಏಪ್ರಿಲ್‌ನಲ್ಲಿ ಬಂದ ರಿವ್ಯೂ ಹೇಳಿದ್ದು: ವಯಸ್ಕರಲ್ಲಿ ಲಕ್ಷಣಗಳು 7 ದಿನದ ಬದಲು 6.3 ದಿನದಲ್ಲಿ ಕಡಿಮೆಯಾಗುತ್ತವೆ; ಆಸ್ಪತ್ರೆ ಸೇರುವುದು ತಪ್ಪುತ್ತದೆ ಎಂಬುದಕ್ಕೆ ಪುರಾವೆಯಿಲ್ಲ; ವಾಕರಿಕೆ, ವಾಂತಿ ಹೆಚ್ಚು. ಅಷ್ಟರಲ್ಲಿ ಬ್ರಿಟನ್ ಒಂದೇ 424 ಮಿಲಿಯನ್ ಪೌಂಡ್ ಕೊಟ್ಟು ಈ ಮಾತ್ರೆಯನ್ನು ದಾಸ್ತಾನು ಮಾಡಿತ್ತು. ಒಬ್ಬ ಓದುಗ ಕೇಳಿದ ಒಂದು ನೇರ ಪ್ರಶ್ನೆಯಿಂದ ಇಷ್ಟೆಲ್ಲ ಹೊರಬಂತು.

ಉತ್ತರ ಬರುವಂತೆ ಕೇಳುವ ಕ್ರಮ ಹೀಗೆ. 'ನಿಮ್ಮ ಡೇಟಾ ಕಳುಹಿಸಿ' ಎಂದು ಬರೆಯಬೇಡಿ, ಅದಕ್ಕೆ ಯಾರೂ ಉತ್ತರಿಸುವುದಿಲ್ಲ. ಬೇಕಾದ ನಾಲ್ಕು ಕೋಶಗಳನ್ನು ಖಾಲಿ ಬಿಟ್ಟ ಪುಟ್ಟ ಕೋಷ್ಟಕ ಮಾಡಿ, ಉಳಿದವನ್ನು ಅವರ ಪ್ರಬಂಧದಿಂದ ನೀವೇ ತುಂಬಿ, ಮೇಲ್‌ನ ಒಡಲಲ್ಲೇ ಅಂಟಿಸಿ. ಸಂಪರ್ಕ ಲೇಖಕರ ಜೊತೆ ಕೊನೆಯ ಹೆಸರಿನ ಹಿರಿಯ ಲೇಖಕರಿಗೂ ಕಳುಹಿಸಿ. ಮೂರು ವಾರಕ್ಕೊಂದರಂತೆ ಎರಡು ನೆನಪೋಲೆ. ಕಳುಹಿಸಿದ ದಿನ, ಕೇಳಿದ್ದು, ಬಂದದ್ದು, ಎಲ್ಲವೂ ದಾಖಲಾಗಲಿ. 'ಕೇಳಿದರೆ ಡೇಟಾ ಕೊಡುತ್ತೇವೆ' ಎಂದು ಬರೆದ ಸುಮಾರು 1,800 ಪ್ರಬಂಧಗಳ ಲೇಖಕರನ್ನು ಕೇಳಿ ನೋಡಿದ 2022ರ ಅಧ್ಯಯನದಲ್ಲಿ ನಿಜಕ್ಕೂ ಕೊಟ್ಟವರು ಶೇ 6.8. ಹಾಗಾಗಿ ಉತ್ತರ ಬರದಿದ್ದರೆ ಅದು ನಿಮ್ಮ ದೋಷವಲ್ಲ. ಆದರೆ ಆ ಟ್ರಯಲ್ ಅನ್ನು ಸದ್ದಿಲ್ಲದೆ ಕೈಬಿಡಬೇಡಿ. ಅಂಕಿ ಸಿಗದ ಟ್ರಯಲ್ ಎಂದು ಪಟ್ಟಿಯಲ್ಲಿ ಉಳಿಸಿ.

ಮೇಲ್‌ಗೆ ಕಾಯುವ ಹೊತ್ತಿನಲ್ಲಿ ನೋಂದಣಿ ತಾಣಗಳನ್ನು ನೋಡಿ. ಟ್ರಯಲ್‌ಗಳನ್ನು ನೋಂದಾಯಿಸುವ ಭಾರತದ ತಾಣ ಸಿಟಿಆರ್‌ಐ 2007ರ ಜುಲೈಯಲ್ಲಿ ಶುರುವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ತಡವಾಗಿ ನೋಂದಾಯಿಸಿದ್ದೇ ಎಂಬುದೂ ನಮೂದಾಗಿರುತ್ತದೆ. ಅಲ್ಲಿ ಬರೆದ ಮುಖ್ಯ ಫಲಿತಾಂಶ, ಪ್ರಬಂಧದಲ್ಲಿ ಮುಖ್ಯವೆಂದು ಹೇಳಿದ್ದು, ಎರಡನ್ನೂ ಅಕ್ಕಪಕ್ಕದ ಕಾಲಂಗಳಲ್ಲಿ ಬರೆದರೆ ನಡುವೆ ಬದಲಾದದ್ದು ತಾನಾಗಿ ಕಾಣುತ್ತದೆ. ದೊಡ್ಡ ಔಷಧಗಳ ಪೂರ್ಣ ವರದಿಗಳಿಗೆ ಯುರೋಪಿನ ಔಷಧ ಸಂಸ್ಥೆಯ ತಾಣ 2016ರಿಂದ, ಹೆಲ್ತ್ ಕೆನಡಾದ ತಾಣ 2019ರಿಂದ ಇದೆ.

ಪ್ರಶ್ನೆ: ರಿವ್ಯೂ ಮುಗಿದ ಮೇಲೆ ಡೇಟಾ ಹಂಚಿಕೊಳ್ಳಿ ಎಂದು ಜರ್ನಲ್ ಕೇಳುತ್ತಿದೆ. ಏನನ್ನು, ಎಲ್ಲಿ ಹಾಕಬೇಕು? ಬೇರೆಯವರು ನಮ್ಮ ಶ್ರಮ ಕದ್ದರೆ? (ಸಹಾಯಕ ಪ್ರಾಧ್ಯಾಪಕಿ, ಮೈಸೂರು)

ರಿವ್ಯೂ ವರದಿಯಲ್ಲಿ ಏನೇನಿರಬೇಕು ಎಂದು ಹೇಳುವ ಪ್ರಿಸ್ಮಾ 2020 ಪಟ್ಟಿಯ ಕೊನೆಯ, ಅಂದರೆ 27ನೇ ಅಂಶ ಇದೇ. ಹಾಕಬೇಕಾದವು: ಖಾಲಿ ಫಾರ್ಮ್, ವಿಳಾಸಗಳ ಸಮೇತ ತುಂಬಿದ ಹಾಳೆ, ವಿಶ್ಲೇಷಣೆಗೆ ನೇರ ಬಳಸಿದ ಹಾಳೆ, ಲೆಕ್ಕ ಹಾಕಿದ ಆರ್ ಅಥವಾ ಸ್ಟೇಟಾ ತಂತ್ರಾಂಶದ ಕೋಡ್, ಕಾಕ್ರೇನ್‌ನ ರೆವ್‌ಮ್ಯಾನ್ ತಂತ್ರಾಂಶ ಬಳಸಿದ್ದರೆ ಅದರ ಫೈಲು, ಪೂರ್ಣ ಪ್ರಬಂಧ ಓದಿ ಕೈಬಿಟ್ಟ ಅಧ್ಯಯನಗಳ ಪಟ್ಟಿ, ಕಾರಣ ಸಮೇತ. ಜೊತೆಗೆ ಪ್ರತಿ ಕಾಲಂನ ಅರ್ಥ, ಏಕಮಾನ, ಸಂಕೇತಗಳನ್ನು ವಿವರಿಸುವ ಒಂದು ಪುಟ. ಇದಿಲ್ಲದಿದ್ದರೆ ಎರಡು ವರ್ಷದ ನಂತರ ನಿಮಗೇ ನಿಮ್ಮ ಹಾಳೆ ಅರ್ಥವಾಗುವುದಿಲ್ಲ. ಹಾಳೆಗಳು ಸಿಎಸ್‌ವಿಯಲ್ಲಿರಲಿ, ಪಿಡಿಎಫ್‌ನಲ್ಲಿ ಇಟ್ಟ ಕೋಷ್ಟಕದಿಂದ ಇನ್ನೊಬ್ಬರು ಮತ್ತೆ ಕೈಯಲ್ಲೇ ಟೈಪ್ ಮಾಡಬೇಕು, ಮತ್ತೆ ತಪ್ಪು ನುಸುಳುತ್ತದೆ.

ಹಾಕಬಾರದವು: ಪ್ರಬಂಧಗಳ ಪಿಡಿಎಫ್‌ಗಳು, ಅವುಗಳ ಹಕ್ಕು ಪ್ರಕಾಶಕರದು. ಲೇಖಕರ ಮೇಲ್‌ಗಳ ಯಥಾಪ್ರತಿ ಬೇಡ. ಅವರು ಒಪ್ಪಿದರೆ ಅವರು ಕೊಟ್ಟ ಅಂಕಿ ಮತ್ತು ದಿನಾಂಕ ಸಾಕು.

ದತ್ತಾಂಶ ಇಡುವ ತಾಣಗಳಾದ ಝೆನೋಡೊ ಮತ್ತು ಓಎಸ್‌ಎಫ್ ಉಚಿತ, ಎರಡರಲ್ಲೂ ಡಿಓಐ (ಬದಲಾಗದ ಶಾಶ್ವತ ಕೊಂಡಿ) ಸಿಗುತ್ತದೆ. ಝೆನೋಡೊದಲ್ಲಿ ತಿದ್ದಿದ ಆವೃತ್ತಿಗೆ ಬೇರೆ ಡಿಓಐ, ಎಲ್ಲ ಆವೃತ್ತಿಗೂ ಸಾಮಾನ್ಯವಾದ ಇನ್ನೊಂದು ಡಿಓಐ ಇರುವುದು ಅನುಕೂಲ. ರಿವ್ಯೂ ದತ್ತಾಂಶಕ್ಕೆಂದೇ ಅಮೆರಿಕದ ಎಸ್‌ಆರ್‌ಡಿಆರ್ ಪ್ಲಸ್ ಇದೆ. ಅದರಲ್ಲೇ ಫಾರ್ಮ್ ಕಟ್ಟಿ, ತುಂಬಿ, ಮುಗಿದ ಮೇಲೆ ಬಹಿರಂಗ ಮಾಡಬಹುದು. ನಿಮ್ಮ ಕಾಲೇಜಿನ ವೆಬ್‌ಸೈಟ್ ಮಾತ್ರ ನಂಬಬೇಡಿ, ಸೈಟ್ ಹೊಸದಾದ ದಿನ ಕೊಂಡಿ ಸಾಯುತ್ತದೆ.

ಕದಿಯುವ ಭಯ ಸಹಜ. ಆದರೆ ರಿವ್ಯೂಗಳನ್ನು ಮುಂಚಿತವಾಗಿ ನೋಂದಾಯಿಸುವ ಪ್ರಾಸ್ಪೆರೊ ತಾಣದಲ್ಲಿ ನೋಂದಾಯಿಸಿದ್ದರೆ ನಿಮ್ಮ ಯೋಜನೆ ದಿನಾಂಕ ಸಮೇತ ದಾಖಲಾಗಿರುತ್ತದೆ, ಪ್ರಬಂಧ ಬರುವವರೆಗೆ ಫೈಲನ್ನು ಮುಚ್ಚಿಡುವ ಸೌಲಭ್ಯವೂ ತಾಣಗಳಲ್ಲಿದೆ. ಸಿಸಿ ಬೈ ಪರವಾನಗಿ ಹಾಕಿದರೆ ಬಳಸಿದವರು ನಿಮ್ಮ ಹೆಸರು ಹೇಳಲೇಬೇಕು.

ಹಂಚಿದ ಹಾಳೆಯ ನಿಜವಾದ ಬೆಲೆ ಯಾವುದಾದರೂ ಟ್ರಯಲ್ ಮೇಲೆ ಅನುಮಾನ ಬಂದ ದಿನ ತಿಳಿಯುತ್ತದೆ. ಐಸಿಯುಗಳಲ್ಲಿ ಬಳಸುತ್ತಿದ್ದ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ದ್ರವದ 38 ಟ್ರಯಲ್‌ಗಳ ಮೆಟಾ ಅನಾಲಿಸಿಸ್ 2013ರಲ್ಲಿ ಜಾಮಾದಲ್ಲಿ ಬಂತು. ಅವುಗಳಲ್ಲಿ ಏಳು, ಸಂಶೋಧನಾ ದುರ್ನಡತೆಯಿಂದ ಪ್ರಬಂಧಗಳು ರದ್ದಾದ ಜರ್ಮನಿಯ ಒಬ್ಬ ಅರಿವಳಿಕೆ ತಜ್ಞರವು. ಏಳನ್ನೂ ಸೇರಿಸಿದಾಗ ಸಾವಿನ ಸಾಪೇಕ್ಷ ಅಪಾಯ 1.07 (1 ಎಂದರೆ ಗುಂಪುಗಳಲ್ಲಿ ವ್ಯತ್ಯಾಸವಿಲ್ಲ, ಹೆಚ್ಚಾದರೆ ಹಾನಿ), ಅದರ ವಿಶ್ವಾಸ ವ್ಯಾಪ್ತಿ ಸರಿಯಾಗಿ 1.00ರಿಂದ ಶುರು. ತೆಗೆದಾಗ 1.09, ವ್ಯಾಪ್ತಿ 1.02ರಿಂದ. ಅಂದರೆ ಹಾನಿ ಸ್ಪಷ್ಟವಾಯಿತು. ಟ್ರಯಲ್‌ವಾರು ಹಾಳೆ ಬಹಿರಂಗವಾಗಿದ್ದರೆ ಇಂಥ ಮರುಲೆಕ್ಕವನ್ನು ಯಾವ ಊರಿನ ವಿದ್ಯಾರ್ಥಿಯೂ ಮಾಡಬಹುದು.

ಪ್ರಶ್ನೆ: ಪಿಡಿಎಫ್ ಕೊಟ್ಟರೆ ಎಐ ಸಾಧನಗಳು ಕೋಷ್ಟಕವನ್ನೇ ತುಂಬಿಕೊಡುತ್ತವೆ. ಬಳಸಬಹುದೇ? (ಓದುಗ, ದಾವಣಗೆರೆ)

ಮೂರನೇ ಕಣ್ಣಾಗಿ ಬಳಸಿ, ಇಬ್ಬರಲ್ಲಿ ಒಬ್ಬರ ಜಾಗದಲ್ಲಿ ಬೇಡ. ಪ್ರತಿ ಅಂಕಿಗೂ ಅದು ಬಂದ ವಾಕ್ಯವನ್ನು ಯಥಾವತ್ತಾಗಿ ತೋರಿಸಲು ಹೇಳಿ, ಆ ವಾಕ್ಯ ಪುಟದಲ್ಲಿ ಇದೆಯೇ ಎಂದು ನೀವೇ ನೋಡಿ. ಎರಡು ಸಾಲಿನ ತಲೆಬರಹವಿರುವ ಕೋಷ್ಟಕ, ಸ್ಕ್ಯಾನ್ ಮಾಡಿದ ಹಳೆಯ ಪುಟ, ಮೂರು ಗುಂಪಿನ ಟ್ರಯಲ್, ಈ ಮೂರರಲ್ಲಿ ಅವು ಹೆಚ್ಚು ಎಡವುತ್ತವೆ. ಅಂಕಿ ಇಲ್ಲದ ಕಡೆ ಇದ್ದಂತೆ ತುಂಬುವುದೂ ಉಂಟು. ಬಳಸಿದ ಸಾಧನ, ಆವೃತ್ತಿ, ದಿನಾಂಕವನ್ನು ವಿಧಾನದ ಭಾಗದಲ್ಲಿ ಬರೆಯಿರಿ. ಅಪ್ರಕಟಿತ ರೋಗಿಗಳ ದತ್ತಾಂಶವನ್ನು ಇಂಥ ಸಾಧನಗಳಿಗೆ ಎಂದೂ ಹಾಕಬೇಡಿ.

ಪ್ರಶ್ನೆ: ನಾವು ನಡೆಸಿದ ಟ್ರಯಲ್‌ನ ರೋಗಿವಾರು ದತ್ತಾಂಶ ಬೇಕೆಂದು ವಿದೇಶದ ತಂಡವೊಂದು ಕೇಳಿದೆ. ಕೊಡಬಹುದೇ? ಹೇಗೆ? (ವೈದ್ಯ, ಬಾಗಲಕೋಟೆ)

ಕೊಡುವುದು ಒಳ್ಳೆಯದು. ಅನೆಸ್ತೀಸಿಯಾ ಪತ್ರಿಕೆಗೆ ಬಂದ ಟ್ರಯಲ್‌ಗಳನ್ನು ಪರಿಶೀಲಿಸಿದ ಜಾನ್ ಕಾರ್ಲೈಲ್ ಅವರ 2021ರ ವರದಿಯ ಪ್ರಕಾರ, ರೋಗಿವಾರು ದತ್ತಾಂಶ ನೋಡಲು ಸಿಕ್ಕಾಗ ಶೇ 44 ಟ್ರಯಲ್‌ಗಳಲ್ಲಿ ಸುಳ್ಳು ಅಂಕಿಗಳು ಕಂಡವು. ಸಿಗದಿದ್ದಾಗ ಕಂಡದ್ದು ಶೇ 2ರಲ್ಲಿ. ಆ ಫೈಲುಗಳಲ್ಲಿ ಹಲವನ್ನು ಸಂಶಯ ಬಂದದ್ದರಿಂದಲೇ ಕೇಳಿ ತರಿಸಿಕೊಂಡಿದ್ದರಿಂದ ಎಲ್ಲ ಟ್ರಯಲ್‌ಗಳಿಗೂ ಈ ಅಂಕಿ ಅನ್ವಯಿಸದು. ಆದರೂ ಒಟ್ಟು ಲೆಕ್ಕ ಎಷ್ಟನ್ನು ಮರೆಮಾಡಬಲ್ಲದು ಎಂಬುದಕ್ಕೆ ಇಷ್ಟು ಸಾಕು. ಪ್ರಾಮಾಣಿಕವಾಗಿ ನಡೆಸಿದ ಟ್ರಯಲ್‌ಗೆ ಫೈಲು ತೆರೆದು ತೋರಿಸುವುದಕ್ಕಿಂತ ದೊಡ್ಡ ಸಮರ್ಥನೆ ಇಲ್ಲ.

ಆದರೆ ಫೈಲು ನಿಮ್ಮದಾದರೂ ಅದರೊಳಗಿನ ಬದುಕು ರೋಗಿಗಳದು. ಮೊದಲು ಒಪ್ಪಿಗೆ ಪತ್ರ ತೆಗೆದು, ದತ್ತಾಂಶ ಹಂಚುವ ಬಗ್ಗೆ ರೋಗಿಗೆ ಏನು ಹೇಳಿದ್ದಿರಿ ಎಂದು ಓದಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನೈತಿಕ ಮಾರ್ಗಸೂಚಿಯಂತೆ ನಿಮ್ಮ ಎಥಿಕ್ಸ್ ಕಮಿಟಿಯ ಮುಂದೆ ಇಡಿ. ವಿದೇಶಿ ಸಹಯೋಗವಾದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಅನುಮತಿ ಬೇಕೇ ಎಂದು ಐಸಿಎಂಆರ್‌ನಲ್ಲಿ ವಿಚಾರಿಸಿ. ಲಿಖಿತ ಒಪ್ಪಂದ ಮಾಡಿಕೊಳ್ಳಿ: ಯಾವ ಪ್ರಶ್ನೆಗೆ ಬಳಸುತ್ತಾರೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತಾರೆ, ಪ್ರಬಂಧದಲ್ಲಿ ನಿಮ್ಮ ತಂಡದ ಹೆಸರು ಹೇಗೆ ಬರುತ್ತದೆ.

ಫೈಲಿನಿಂದ ಹೆಸರು, ಫೋನ್, ಆಸ್ಪತ್ರೆ ಸಂಖ್ಯೆ ತೆಗೆದರೆ ಸಾಲದು. ನಮ್ಮ ಕಡೆ ಹಳ್ಳಿಯ ಹೆಸರು, ವಯಸ್ಸು, ಹೆರಿಗೆಯ ದಿನ ಈ ಮೂರೇ ಸಾಕು, ಆಶಾ ಕಾರ್ಯಕರ್ತೆ ಆ ತಾಯಿ ಯಾರೆಂದು ಹೇಳಿಬಿಡುತ್ತಾರೆ. ಹಳ್ಳಿಯ ಜಾಗದಲ್ಲಿ ತಾಲ್ಲೂಕಿನ ಸಂಕೇತ ಹಾಕಿ. ತಾರೀಖುಗಳನ್ನು ಟ್ರಯಲ್‌ಗೆ ಸೇರಿದ ದಿನದಿಂದ ಎಷ್ಟನೇ ದಿನ ಎಂದು ಬದಲಿಸಿ. ಐದಕ್ಕಿಂತ ಕಡಿಮೆ ಜನರಿರುವ ಅಪರೂಪದ ಗುಂಪುಗಳನ್ನು ದೊಡ್ಡ ಗುಂಪಿಗೆ ಸೇರಿಸಿ. 'ಇತರೆ ಟಿಪ್ಪಣಿ' ಎಂಬ ಮುಕ್ತ ಕಾಲಂ ಪೂರ್ತಿ ತೆಗೆಯಿರಿ. ಹೆಸರುಗಳು ಅವಿತು ಕೂರುವುದು ಅಲ್ಲೇ. ಮೂಲ ಗುರುತಿಗೂ ಹೊಸ ಸಂಖ್ಯೆಗೂ ಸಂಬಂಧ ತೋರಿಸುವ ಪಟ್ಟಿ ನಿಮ್ಮಲ್ಲೇ ಬೀಗದಲ್ಲಿರಲಿ. ಎನ್‌ಕ್ರಿಪ್ಟ್ ಮಾಡಿದ ಫೈಲು ಒಂದು ದಾರಿಯಲ್ಲಿ, ಪಾಸ್‌ವರ್ಡ್ ಇನ್ನೊಂದು ದಾರಿಯಲ್ಲಿ ಹೋಗಲಿ.

ಕಳುಹಿಸುವ ಮುನ್ನ ಆ ಫೈಲಿನಿಂದಲೇ ನಿಮ್ಮ ಪ್ರಬಂಧದ ಮೊದಲೆರಡು ಕೋಷ್ಟಕಗಳನ್ನು ಮತ್ತೆ ಲೆಕ್ಕ ಹಾಕಿ ನೋಡಿ. ಹೊಂದದಿದ್ದರೆ ಯಾಕೆ ಎಂದು ಪತ್ರದಲ್ಲೇ ತಿಳಿಸಿ. ಪಡೆದವರು ಮೊದಲು ಮಾಡುವ ಪರೀಕ್ಷೆಯೂ ಅದೇ. ಫೈಲಿನಲ್ಲಿ ಅವರಿಗೆ ಕಂಡ ತಪ್ಪುಗಳ ಪಟ್ಟಿಯನ್ನು ನಿಮಗೆ ಮರಳಿ ಕಳುಹಿಸಬೇಕು ಎಂಬ ಒಂದು ಸಾಲನ್ನೂ ಒಪ್ಪಂದದಲ್ಲಿ ಸೇರಿಸಿ.